ಮದುವೆ ರವಿಕೆಯ ಅಳತೆ

ಮಗಳ ಹೊಲಿಗೆ ಕೆಲಸ ಹಾಳಾಗುವುದರಲ್ಲಿತ್ತು, ಅದೂ ನನ್ನ ಮಾತಿನಿಂದ. ಉಳಿಸಿಕೊಂಡದ್ದು ಅವಳೇ.

ಎರಡನೇ ಹೆರಿಗೆಯ ನಂತರ ಅವಳು ಸಿಡ್ನಿಯ ಆಫೀಸಿಗೆ ಮರಳಲಿಲ್ಲ. ವೆಸ್ಟ್‌ಮೀಡಿನ ಬಾಡಿಗೆ ಫ್ಲ್ಯಾಟಿನಲ್ಲಿ ಮಗುವನ್ನು ಮಲಗಿಸಿ ನಮ್ಮ ಕಡೆಯ ಹೆಂಗಸರಿಗೆ ರವಿಕೆ ಹೊಲಿಯತೊಡಗಿದಳು. ಮೆಷಿನ್ನಿನ ಮುಂದೆ ಕೂತರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಆರು ತಿಂಗಳಲ್ಲಿ ಕೆಲಸ ಕುದುರದಿದ್ದರೆ ಆಫೀಸಿಗೆ ಹೋಗುತ್ತೇನೆಂದು ಅಳಿಯನಿಗೆ ಮಾತು ಕೊಟ್ಟಿದ್ದಳು.

ಬಾಣಂತನಕ್ಕೆಂದು ಉಡುಪಿಯಿಂದ ಹೋಗಿದ್ದ ನಾನೂ ಮೂವತ್ತು ವರ್ಷ ಹೊಲಿದವಳು. "ಹಳೇ ರವಿಕೆ ತರಿಸು, ಅದರ ಅಳತೆಗೇ ಹೊಲಿ. ಟೇಪುಗೀಪು ಬೇಡ" ಎಂದೆ.

ತನ್ನ ಹೊಸ ಮನೆಯ ಗೃಹಪ್ರವೇಶದ ಹಿಂದಿನ ದಿನ ಒಬ್ಬಾಕೆ ಓಡಿಬಂದಳು. ಮಗಳು ಹೊಲಿದುಕೊಟ್ಟಿದ್ದ ಹೊಸ ರವಿಕೆಯ ಹುಕ್ಕು ಹಾಕಲು ಆಗುತ್ತಿರಲಿಲ್ಲ.

"ಅಳತೆಗೆ ಕೊಟ್ಟದ್ದು ಯಾವಾಗಿನದು?" ಎಂದು ಕೇಳಿದೆ.

"ನನ್ ಮದುವೇದು, ಆಂಟಿ."

"ಆಮೇಲೆ ಮೂರು ಹೆತ್ತೆಯಲ್ಲ ಮಾರಾಯ್ತಿ."

ಆಕೆ ನಕ್ಕಳು, ಮಗಳು ನಗಲಿಲ್ಲ. ಆಕೆಯನ್ನು ನಿಲ್ಲಿಸಿ ಅಳೆದು, ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಬಿಟ್ಟು ಸರಿಮಾಡಿ ಕೊಟ್ಟಳು.

ಆಕೆ ಹೋದ ಮೇಲೆ, ಮಗಳು ಇನ್ನು ಆಫೀಸಿಗೇ ಹೋಗುವುದು ಎಂದುಕೊಂಡೆ.

"ಅಮ್ಮ, ಇನ್ನು ನಾನು ಹಳೇ ರವಿಕೆ ಮುಟ್ಟುದಿಲ್ಲ. ಇಲ್ಲಿ ಎಲ್ಲರ ಹತ್ರ ಇರುದು ಮದುವೆ ರವಿಕೆಯೇ. ಬಂದವರನ್ನು ನಾನೇ ಅಳೀತೇನೆ."

"ಅಷ್ಟಕ್ಕೆಲ್ಲ ಯಾರು ಬರ್ತಾರೆ?"

"ಬರ್ತಾರೆ. ನನಗೆ ಇದೇ ಕೆಲಸ ಬೇಕು."

ಮರುದಿನ ಬೆಳಿಗ್ಗೆ ಕಾಫಿ ಕುಡಿದವಳೇ ಉಡುಪಿಯಿಂದ ತಂದಿದ್ದ ನನ್ನ ಹಳೇ ಅಳತೆ ರವಿಕೆಯನ್ನು ನೆಲ ಒರೆಸುವ ಬಟ್ಟೆಗೆ ಹಾಕಿ, ಅವಳ ಟೇಪಿನ ಮುಂದೆ ಕೈ ಎತ್ತಿ ನಿಂತೆ.