ಹಡಗಿಗೆ ಹೋದ ತಮ್ಮ

ಸುಳ್ಳು ಹೇಳುವವರು ಆದಷ್ಟು ಚಿಕ್ಕದೊಂದು ಹೇಳಿ ಸುಮ್ಮನಾಗಬೇಕು. ಈ ಕ್ಷೌರಿಕನ ತಾಯಿಗೆ ಆ ಜಾಣತನ ಇರಲಿಲ್ಲ. ಕಿರಿಯ ಮಗನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕತ್ತು ಚಾಚಿ, "ಚಿಕ್ಕೋನು ಕಾಣ್ತಾನೇ ಇಲ್ವಲ್ಲ?" ಎಂದಳು. ಆ ಮಹಾತಾಯಿ ಬಟ್ಟೆ ಒಣಹಾಕುತ್ತಲೇ, "ಹಡಗಲ್ಲಿ ಕೆಲಸ ಸಿಕ್ತು, ಹೋದ" ಎಂದುಬಿಟ್ಟಳು. ಬೇರೆ ಊರಿನ ಅಂಗಡಿಗೆ ಹೋದ ಎಂದಿದ್ದರೆ ಸಾಕಾಗುತ್ತಿತ್ತು. ಹಡಗೇ ಆಗಬೇಕಿತ್ತೇ? ಆ ಮನೆಯಲ್ಲಿ ಯಾರೂ ಸಮುದ್ರ ಕಂಡವರಲ್ಲ.

ತಾಯಿ ಹೇಳಿ ಕೈತೊಳೆದುಕೊಂಡಳು. ಹಡಗನ್ನು ತೇಲಿಸುವ ಕೆಲಸ ಹಿರಿಯ ಮಗನ ತಲೆಗೆ ಬಿತ್ತು. ಕ್ಷೌರದಂಗಡಿ ಎಂದರೆ ಗೊತ್ತಲ್ಲ, ಮುಖದ ತುಂಬ ನೊರೆ ಇದ್ದರೂ ಬಾಯಿ ನಿಲ್ಲದ ಜಾಗ. "ತಮ್ಮ ಈಗ ಎಲ್ಲಿದಾನಪ್ಪ?" ಎಂದು ಬಂದವರೆಲ್ಲ ಕೇಳುವವರೇ. ಅದರಲ್ಲೂ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರಿಗೆ ಬಂದರಿನ ಹೆಸರೂ ಬೇಕು, ಅಲ್ಲಿಯ ಹವೆಯೂ ಬೇಕು. ಅವನು ಬಾಯಿಗೆ ಬಂದದ್ದು ಹೇಳುತ್ತಿದ್ದ. "ಅಲ್ಲೂ ಇದೇ ಕೆಲಸ ಸಾರ್, ಕ್ಯಾಪ್ಟನ್ನಿಗೂ ಗಡ್ಡ ಬೆಳೆಯುತ್ತಲ್ಲ" ಎಂದ ದಿನ ಅಂಗಡಿಯವರೆಲ್ಲ ನಕ್ಕರು. ಆಮೇಲೆ ಆ ಸುಳ್ಳನ್ನು ಯಾರೂ ಅನುಮಾನಿಸಲಿಲ್ಲ.

ನಿಜಕ್ಕೂ ಆದದ್ದಿಷ್ಟು. ತಮ್ಮನ ಜೊತೆ ಕನ್ನಡಿಗಳು ಮಾತಾಡತೊಡಗಿದ್ದವು. ಒಂದು ಬೆಳಿಗ್ಗೆ ಅಣ್ಣ ಬಾಗಿಲು ತೆಗೆದು ಒಳಗೆ ಬಂದಾಗ ಅಂಗಡಿಯ ಕನ್ನಡಿಗಳಿಗೆಲ್ಲ ಹಳೆಯ ಪೇಪರು ಅಂಟಿಸಿತ್ತು. ಗೋಂದಿನ ಬದಲು ಶೇವಿಂಗ್ ಸೋಪಿನ ನೊರೆ. ತಮ್ಮ ತಾನು ಕೆಲಸ ಮಾಡುತ್ತಿದ್ದ ಮೂರನೇ ಕುರ್ಚಿಯಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಯಾರನ್ನೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಅವನ ಕ್ಷೌರದ ಕತ್ತಿ ಮಾತ್ರ ಬಿಚ್ಚಿಕೊಂಡು ತೊಡೆಯ ಮೇಲಿತ್ತು. ಅದೊಂದು ಅಣ್ಣನ ಕಣ್ಣಿಂದ ಹೋಗಲೇ ಇಲ್ಲ.

ಅಂಥವನು ಎರಡು ವರ್ಷದ ಮೇಲೆ ಗುಣವಾಗಿ ಮನೆಗೆ ಬಂದ. ಮಾತ್ರೆಯ ದೆಸೆಯಿಂದ ಮೈ ಬಂದಿತ್ತು, ಮಾತು ನಿಧಾನವಾಗಿತ್ತು. ಕೆಲಸ ಮಾಡಲಿ, ಒಳ್ಳೆಯದೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಣ್ಣ ಕೆಲಸವನ್ನೇನೋ ಕೊಟ್ಟ: ಟವೆಲ್ ಮಡಿಸುವುದು, ಬಿದ್ದ ಕೂದಲು ಗುಡಿಸುವುದು. ಅವನು ಹೋದಾಗ ಮೂರನೇ ಕುರ್ಚಿಯ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು. "ಕತ್ತಿ ಕೊಡಣ್ಣ" ಎಂದರೆ, "ಇನ್ನಷ್ಟು ದಿನ ಹೋಗ್ಲಿ ತಡಿಯೋ" ಎನ್ನುತ್ತಿದ್ದ. ಒಂದು ಕಾಲಕ್ಕೆ ನಿದ್ದೆ ಹೋದ ಮಗುವಿನ ತಲೆಯನ್ನೂ ಎಚ್ಚರವಾಗದಂತೆ ಬೋಳಿಸುತ್ತಿದ್ದ ಕೈ ಅದು. ಈಗ ಪೊರಕೆ ಹಿಡಿದಿತ್ತು.

ಅಣ್ಣನ ಹೆಂಡತಿಗೆ ಇದು ಸರಿಬರಲಿಲ್ಲ. ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು.

"ಕಸ ಗುಡಿಸೋಕೆ ಕರ್ಕೊಂಡು ಬಂದ್ರಾ ಅವನನ್ನ?"

"ಗಿರಾಕಿಗಳು ಹೆದರ್ಕೋತಾರೆ ಕಣೇ."

"ಗಿರಾಕಿಗಳಿಗೆ ಗೊತ್ತಿರೋದು ಹಡಗು. ಆಸ್ಪತ್ರೆ ಗೊತ್ತಿರೋದು ನಮಗೆ. ಹೆದರ್ಕೊಂಡಿರೋರು ಯಾರು ಹೇಳಿ?"

ಅವನು ತಲೆ ಎತ್ತದೆ ಊಟ ಮುಗಿಸಿದ. ಹೆಂಡತಿಯ ಮಾತು ಸರಿಯಾಗಿದ್ದಾಗಲೆಲ್ಲ ಅವನು ಮಾಡುತ್ತಿದ್ದದ್ದು ಅದನ್ನೇ.

ರಜೆಯ ಬೆಳಿಗ್ಗೆ ಬೆಂಚಿನ ತುಂಬ ಜನ. ಅಣ್ಣ ಪಾತ್ರೆ ಅಂಗಡಿಯವನ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಕತ್ತಿ ಹಚ್ಚಿದ್ದ. ಮೇಷ್ಟ್ರು ಪೇಪರು ಕೆಳಗಿಟ್ಟು ತಮ್ಮನ ಕಡೆ ತಿರುಗಿದರು.

"ಅಲ್ಲಪ್ಪ, ಇಷ್ಟು ಊರು ಸುತ್ತಿ ಬಂದಿದೀಯ, ಒಂದು ಮಾತೂ ಆಡಲ್ವಲ್ಲ. ಸಮುದ್ರ ಹೇಗಿರುತ್ತೆ, ಹೇಳು."

ಅಣ್ಣ ಕನ್ನಡಿಯಲ್ಲೇ ತಮ್ಮನಿಗೆ ಕಣ್ಣು ಹೊಡೆದ, ಏನಾದರೂ ಹೇಳಿ ಮುಗಿಸು ಎಂಬಂತೆ. ತಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದ.

"ಸಮುದ್ರ ನೋಡಿಲ್ಲ ಸಾರ್. ಆಸ್ಪತ್ರೇಲಿದ್ದೆ. ತಲೆ ಕೆಟ್ಟಿತ್ತು. ಈಗ ಮಾತ್ರೆ ತಗೋತೀನಿ, ಪರವಾಗಿಲ್ಲ."

ಬೆಂಚಿನಲ್ಲಿದ್ದ ಒಬ್ಬನಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಇನ್ನೊಬ್ಬ ನೆನಪು ಮಾಡಿಕೊಳ್ಳುವ ತೊಂದರೆಯನ್ನೂ ತೆಗೆದುಕೊಳ್ಳದೆ ಎದ್ದ. ಪಾತ್ರೆ ಅಂಗಡಿಯವನಿಗೂ ಏಳುವ ಆಸೆಯೇ, ಆದರೆ ಅರ್ಧ ಮುಖ ಹೊತ್ತು ಎಲ್ಲಿಗೆ ಹೋಗುವುದು? ಉಳಿದರ್ಧ ಮುಗಿದದ್ದೇ ತಡ ಜಾಗ ಖಾಲಿ ಮಾಡಿದ. ಬೆಂಚಿನಲ್ಲಿ ಮೇಷ್ಟ್ರೊಬ್ಬರೇ ಉಳಿದರು.

"ಹಾಗಾದ್ರೆ ಆ ಬಂದರುಗಳೆಲ್ಲ?" ಎಂದರು.

"ನಾನೇ ಕಟ್ಟಿದ್ದು ಸಾರ್" ಎಂದ ಅಣ್ಣ.

ಅವನಿಗೆ ಎದ್ದುಹೋದವರನ್ನು ಬಾಯಿತುಂಬ ಬೈಯಬೇಕೆನ್ನಿಸಿತು. ಯಾವ ಬಾಯಲ್ಲಿ ಬೈಯುವುದು? ಅವರು ಇವತ್ತು ಕೇಳಿ ಇವತ್ತು ಹೆದರಿದ್ದರು. ತಾನು ಒಡಹುಟ್ಟಿದವನು, ಮೊದಲಿಂದಲೂ ಹೆದರಿಕೊಂಡೇ ಇದ್ದ. ತಮ್ಮ ಮತ್ತೆ ಪೊರಕೆಗೆ ಕೈ ಚಾಚಿದ್ದನ್ನು ನೋಡಿ ಅಣ್ಣನಿಗೆ ತಡೆಯಲಾರದ ಸಂಕಟವಾಯಿತು.

ಅವನು ಮೂರನೇ ಕುರ್ಚಿಯ ಬಟ್ಟೆ ಎಳೆದು ಹಾಕಿದ. ಬೀರುವಿನಿಂದ ತಮ್ಮನ ಕತ್ತಿ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ತಾನೇ ಆ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದ.

"ಮಾಡೋ" ಎಂದ.

ತಮ್ಮ ಕೈ ತೊಳೆದು ಒರೆಸಿಕೊಂಡ, ನೊರೆ ಎಬ್ಬಿಸಿದ, ಅವಸರವಿಲ್ಲದೆ ಹಚ್ಚಿದ. ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ ಅಣ್ಣನ ಗದ್ದವನ್ನು ಎರಡು ಬೆರಳಿನಿಂದ ಮೇಲಕ್ಕೆತ್ತಿದ. ಕತ್ತಿಯ ತಣ್ಣನೆ ಅಂಚು ಗಂಟಲಿಗೆ ಮುಟ್ಟಿತು. ಅಣ್ಣನ ಕೈಗಳು ತಾವಾಗಿಯೇ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡವು. ತಮ್ಮ ಅದನ್ನು ಕಂಡು ಕತ್ತಿ ಹಿಂದಕ್ಕೆ ತೆಗೆದ.

"ಭಯ ಆಗ್ತಿದೆಯಾ ಅಣ್ಣ?"

ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷ ಹೇಳಿ ಅಭ್ಯಾಸವೂ ಇತ್ತು.

"ಹೂಂ ಕಣೋ" ಎಂದ ಅಣ್ಣ.

"ನಂಗೂ ಆಗ್ತಿದೆ" ಎಂದ ತಮ್ಮ. "ಉಗುಳು ನುಂಗಬೇಡ, ಸುಮ್ನಿರು."