ಅರ್ಜೆಂಟಿದ್ರೆ ಬೇರೆ ಬಸ್ಸು

ನಮ್ಮ ಬೀದಿಯ ಡ್ರೈವರಣ್ಣ ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದರು. ದಾರಿಯ ಪ್ರತಿ ಊರಿನಲ್ಲೂ ಅಲ್ಲಿನ ಹಾಡುಗಾರರನ್ನು ಹಿಡಿದು ಹಾಡಿಸಿ, ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಬಸ್ಸು ಯಾವ ಊರು ತಲುಪಿತೋ ಆ ಊರಿನ ಹಾಡು ಹಾಕುತ್ತಿದ್ದರು. ಕಾಮಗೆರೆಯ ಹಾಡು ಮುಗಿಯದೆ ಬಸ್ಸು ಕಾಮಗೆರೆ ಬಿಡುತ್ತಿರಲಿಲ್ಲ. ಹನೂರಿನ ಹಾಡು ಬಂತೆಂದರೆ ಅವರು ಇಳಿದು ಟೀ ಕುಡಿಯುವ ಹೊತ್ತು. ಯಾರಾದರೂ ಗೊಣಗಿದರೆ ಕನ್ನಡಿಯಲ್ಲೇ ನೋಡಿ, "ಅರ್ಜೆಂಟಿದ್ರೆ ಬೇರೆ ಬಸ್ಸಿಗೆ ಓಗಿ" ಎನ್ನುತ್ತಿದ್ದರು.

ಕಣ್ಣು ಮಂಜಾಗಿ ಸ್ಟೇರಿಂಗ್ ಬಿಡಬೇಕಾಗಿ ಬಂದ ಮೇಲೆ, ಒಂದು ದಿನ ಆ ಹಾಡುಗಳಿದ್ದ ಪೆನ್‌ಡ್ರೈವನ್ನು ಅಂಗಿಯ ಚುಂಗಿನಲ್ಲಿ ಒರೆಸುತ್ತ ನಮ್ಮ ಮನೆಗೆ ಬಂದರು.

"ಇದು ಕೆಟ್ಟೋದ್ರೆ ನನ್ ರೂಟೇ ಓಯ್ತದೆ ಸಾ. ಎಲ್ರೂ ಮೊಬೈಲಲ್ಲಿ ಕೇಳಂಗೆ ಮಾಡ್ಕೊಡಿ."

ಒಂದು ವೆಬ್ ಪುಟ ಮಾಡಿ ಲಿಂಕ್ ಕಳಿಸಿದೆ. ಹಾಡಿನ ಹೆಸರು ಬೇಡ, ಊರಿನ ಹೆಸರಿರಲಿ ಎಂದರು, ಬದಲಿಸಿದೆ. ಆಮೇಲೆ, ಹಾಡು ದಾಟಿಸುವ ಬಟನ್ನೇ ಬೇಡ ಎಂದು ಕೂತರು.

"ಜನ ಬೇಕಾದ್ದನ್ನ ಒತ್ತಿ ಕೇಳ್ತಾರಣ್ಣ" ಎಂದೆ.

"ಕಾಮಗೆರೆ ದಾಟ್ದೆ ಅನೂರ್ಗೆ ಎಂಗ್ ಸಾ ಓಯ್ತಾರೆ? ಅರ್ಜೆಂಟಿದ್ರೆ ಬೇರೆ ಬಸ್ಸಿಗೆ ಓಗ್ಲಿ."

ತೆಗೆದುಹಾಕಿದೆ.

ಮೊನ್ನೆ ಸಂಜೆ ಅವರ ಮನೆ ಕಡೆ ಹೋದೆ. ಜಗಲಿಯ ಕುರ್ಚಿಯಲ್ಲಿ, ತೊಡೆಯ ಮೇಲೆ ಹಾಡುವ ಮೊಬೈಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಲೋಟ ಹಿಡಿದು ನಿಂತಿದ್ದರು.

"ಟೀ ಆರೋಯ್ತದೆ, ಕುಡ್ಕಳಿ."

ಡ್ರೈವರಣ್ಣ ಕಣ್ಣು ತೆರೆಯಲಿಲ್ಲ.

"ತಡಿಯಮ್ಮಿ, ಇನ್ನೂ ಕಾಮಗೆರೇಲಿವ್ನಿ."