ಏರು ಹತ್ತದ ಜೀಪು

ನನ್ನ ಗಂಡನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಅದಾದ ಎರಡು ತಿಂಗಳಿಗೆ ನಮ್ಮ ಜೀಪು ಏರು ಹತ್ತುವುದನ್ನು ನಿಲ್ಲಿಸಿತು. ಹದಿಮೂರು ವರ್ಷದ ಡೀಸೆಲ್ ಗಾಡಿ. ಹಾನುಬಾಳಿನಿಂದ ಒಳಗಿರುವ ನಮ್ಮ ಕಾಫಿ ತೋಟದ ಮಣ್ಣುರಸ್ತೆಗೆ ಬೇರೆ ಗಾಡಿಗಳು ಬರಲು ಒಪ್ಪುವುದಿಲ್ಲ. ಜೀಪಿನ ಒಂದೊಂದು ಬೋಲ್ಟೂ ಅವರಿಗೆ ಗೊತ್ತಿತ್ತು. ನನಗೆ ಓಡಿಸಲು ಬರುತ್ತಿತ್ತು, ಅಷ್ಟೇ.

ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಅವರನ್ನು ಫಿಸಿಯೋಥೆರಪಿಗೆ ಸಕಲೇಶಪುರಕ್ಕೆ ಕರೆದೊಯ್ಯಬೇಕಿತ್ತು. ಒಂದು ಸೋಮವಾರ ಗೇಟು ದಾಟಿದ ಮೊದಲ ಏರಿನಲ್ಲೇ ಸ್ಟೀರಿಂಗ್ ಮುಂದೆ ಎಂಜಿನ್ ಗುರುತಿನ ಹಳದಿ ದೀಪ ಹತ್ತಿಕೊಂಡಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿಗೆ ಕಸುವಿಲ್ಲ. ಹಿಂದೆ ನೋಡಿದರೆ ಕಪ್ಪು ಹೊಗೆ. ಫಸ್ಟ್ ಗೇರಿನಲ್ಲಿ ತೆವಳಿಸಿಕೊಂಡು ಹಾನುಬಾಳು ಮುಟ್ಟಿಸಿದೆ.

ಅಲ್ಲಿಯ ಮೆಕ್ಯಾನಿಕ್ ನನ್ನ ಗಂಡನಿಗೆ ಬಹಳ ವರ್ಷಗಳ ಪರಿಚಯ. ಬಾನೆಟ್ ಎತ್ತಿ, ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿದೆ ಎಂದ. ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸಿ, ಅದರ ವಿಷ ಕಡಿಮೆ ಮಾಡುವ ವಾಲ್ವಂತೆ. ಅದನ್ನು ಬಿಚ್ಚಿ ತೊಳೆಯಲು ಕೂತ. ಮುಂದಿನ ಸೀಟಿನಲ್ಲಿದ್ದ ನನ್ನ ಗಂಡ ಎಡಗೈಯಿಂದ ಗಾಜು ತಟ್ಟಿ, “ಗಾಳಿ” ಎಂದರು.

ಎರಡು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಸ್ಪಷ್ಟ ಪದ. ನಮ್ಮ ಮನೆಮಾತು ಕೊಂಕಣಿ, ಬಂದದ್ದು ಮಾತ್ರ ಕನ್ನಡ. ನನಗೆ ಅಳು ತಡೆಯಲಾಗಲಿಲ್ಲ. ಸೆಕೆಯಾಗಿರಬೇಕೆಂದು ಕಿಟಕಿ ಇಳಿಸಿದೆ. ಅವರು ಮತ್ತೆ ಗಾಜು ತಟ್ಟಿದರು.

ಗುರುವಾರ ಅದೇ ಏರಿನಲ್ಲಿ ಅದೇ ದೀಪ. ಹೇಗೋ ಸಕಲೇಶಪುರದವರೆಗೆ ಹೋಗಿ ದೊಡ್ಡ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿಸಿದೆ. ಯಂತ್ರವೂ ಆ ವಾಲ್ವನ್ನೇ ತೋರಿಸಿತು. ತಗಡು ಹಾಕಿ ಹೊಗೆ ತಿರುಗುವ ದಾರಿಯನ್ನೇ ಮುಚ್ಚಿಬಿಟ್ಟರೆ ತಲೆನೋವಿಲ್ಲ, ಆದರೆ ಹಾಗೆ ಮಾಡುವುದು ಕಾನೂನಿಗೆ ವಿರುದ್ಧ, ಯೋಚಿಸಿ ಹೇಳಿ ಎಂದರು ಅಲ್ಲಿಯವರು. ನಾನು ಗಂಡನ ಮುಖ ನೋಡಿದೆ. ಅವರು ತಲೆಯಾಡಿಸಿದರು. ಹೌದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಆಗ ಅವರು ಒಂದೇ ಥರ ತಲೆಯಾಡಿಸುತ್ತಿದ್ದರು. ಏನೂ ಮಾಡಿಸದೆ ವಾಪಸು ಹೊರಟೆ.

ದಾರಿಯಲ್ಲಿ ಹಾನುಬಾಳಿನ ಮೆಕ್ಯಾನಿಕ್ ಬಳಿ ನಿಲ್ಲಿಸಿ, ಗಾಡಿ ಹತ್ತಿದಾಗಿಂದ ಇವರು ಗಾಳಿ ಗಾಳಿ ಎನ್ನುತ್ತಲೇ ಇದ್ದಾರೆ ಎಂದೆ. ಅವನು ಅವರನ್ನು ಕೆಳಗಿಳಿಸಲು ಹೇಳಿದ. ಇಬ್ಬರೂ ತೋಳು ಕೊಟ್ಟು ಬಾನೆಟ್ ಮುಂದೆ ನಿಲ್ಲಿಸಿದೆವು. ಎಡಗೈ ನಡುಗುತ್ತ ಮೇಲೆದ್ದು ಎಂಜಿನ್ನಿನ ಒಂದು ಮೂಲೆಯ ಕಡೆ ಚಾಚಿತು. ಮೆಕ್ಯಾನಿಕ್ ಆ ಸಂದಿಗೆ ಟಾರ್ಚ್ ಬಿಟ್ಟು ಬಗ್ಗಿದ. ಬೆರಳಿನಷ್ಟೂ ದಪ್ಪವಿಲ್ಲದ ಒಂದು ರಬ್ಬರ್ ಪೈಪು ಹೊರಗೆ ಬಂತು. ಒಂದು ಕಡೆ ಕಚ್ಚಿ ತೂತಾಗಿತ್ತು.

“ಗಾಳಿ ಪೈಪು ಕಣಮ್ಮ. ಇಲಿ ಕಡ್ದುಬುಟ್ಟೈತೆ. ಗಾಳಿ ಎಳೀದೆ ವಾಲ್ವು ಹೆಂಗೆ ಆಡ್ತದೆ? ಸಾಹೇಬ್ರು ಅವತ್ತಿಂದ ಇದ್ನೇ ಹೇಳ್ತಾವ್ರೆ, ನಮ್ಗೆ ತಿಳೀಲಿಲ್ಲ.”

ಹೊಸ ಪೈಪು ಹಾಕಿದ ಮೇಲೆ ದೀಪ ಆರಿತು. ಗಾಡಿ ಮೂರನೇ ಗೇರಿನಲ್ಲಿ ಏರು ಹತ್ತಿತು. ಮನೆ ಮುಟ್ಟುವವರೆಗೂ ನಾನು ಅವರೊಡನೆ ಏನೇನೋ ಮಾತಾಡುತ್ತಿದ್ದೆ. ಮಾತು ಒಂದೊಂದಾಗಿ ವಾಪಸು ಬರುತ್ತದೆ ಎಂದು ಆವತ್ತು ನಂಬಿದ್ದೆ.

ಮರುದಿನ ಬೆಳಗ್ಗೆ ಕಾಫಿ ಕೊಟ್ಟಾಗ ಲೋಟ ನೋಡಿ “ಗಾಳಿ” ಎಂದರು. ನೀರಿಗೂ ಅದೇ, ಕಕ್ಕಸಿಗೆ ಹೋಗಬೇಕೆಂದರೂ ಅದೇ. ಮಗಳ ಫೋಟೋ ತೋರಿಸಿದರೂ ಅದೇ. ಕೆಲವರಿಗೆ ಒಂದೇ ಪದ ನಾಲಗೆಗೆ ಸಿಕ್ಕಿಕೊಂಡು ಬಿಡುತ್ತದೆ ಎಂದು ಡಾಕ್ಟರು ವಿವರಿಸಿದರು. ಹಾಗಾದರೆ ಪೈಪಿನ ವಿಷಯ ಅವರಿಗೆ ನಿಜವಾಗಿ ಗೊತ್ತಿತ್ತೋ, ನಡುಗುವ ಬೆರಳು ಸುಮ್ಮನೆ ಆ ಕಡೆ ಹೋಯಿತೋ? ಮೆಕ್ಯಾನಿಕ್‌ಗೆ ಅನುಮಾನವೇ ಇಲ್ಲ. ನಾನು ಅವರನ್ನೇ ಕೇಳಿದೆ, ಎರಡು ಮೂರು ಥರ ಕೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕಣ್ಣು ತುಂಬಿಕೊಂಡರು. ಆಮೇಲೆ ಕೇಳುವುದನ್ನು ಬಿಟ್ಟೆ.

ಪೈಪು ಹಾಕಿಸಿದ ಮೂರನೇ ವಾರ ದೀಪ ಮತ್ತೆ ಹತ್ತಿತು. ಈ ಸಲ ಪೈಪುಗಳೆಲ್ಲ ಸರಿ ಇದ್ದವು. ಅವರನ್ನು ಮತ್ತೆ ಬಾನೆಟ್ ಮುಂದೆ ನಿಲ್ಲಿಸಿದೆವು. ಕೈ ಏಳಲಿಲ್ಲ. ವಾಲ್ವನ್ನೇ ಬದಲಾಯಿಸಬೇಕು, ಈ ಮಾಡೆಲ್ಲಿನದು ಈಗ ಸಿಗುವುದು ಕಷ್ಟ, ಹುಡುಕಿಸುತ್ತೇನೆ ಎಂದು ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡೇ ಹೇಳಿದ.

ಜೀಪು ಅವನ ಶೆಡ್ಡಿನಲ್ಲೇ ಉಳಿದಿದೆ. ಗುರುವಾರದ ಫಿಸಿಯೋಥೆರಪಿ ಬಿಟ್ಟುಹೋಯಿತು. ಸೋಮವಾರ ತೋಟದ ಲೈನುಮನೆಗಳ ಇಬ್ಬರು ಕೆಲಸಗಾರರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆಟೋ ನಿಲ್ಲುವ ಟಾರು ರಸ್ತೆಯವರೆಗೆ ಹೊತ್ತೊಯ್ಯುತ್ತಾರೆ. ನಾನು ಚಪ್ಪಲಿ, ಔಷಧಿಯ ಚೀಲ ಹಿಡಿದು ಹಿಂದೆ ನಡೆಯುತ್ತೇನೆ. ಏರಿನಲ್ಲಿ ಅವರಿಬ್ಬರೂ ಏದುಸಿರು ಬಿಡುವಾಗ ನನ್ನ ಗಂಡ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು, ಯಾರನ್ನೂ ನೋಡದೆ, ಕಾಫಿ ಗಿಡಗಳ ಕಡೆ ಮುಖ ತಿರುಗಿಸಿಕೊಂಡಿರುತ್ತಾರೆ.